ಅಸಾನ್‌ಕುಲ್‌ನ ವ್ಯಾನು ಗುಡ್ಡ ಹತ್ತಿದ್ದು

"ಸತ್ತೋಯ್ತು!" ಎನ್ನುತ್ತ ತಿಲೆಕ್ ವ್ಯಾನಿನ ಚಾಲಕನ ಸೀಟಿನಿಂದ ಧುಮುಕಿದ. "ಸ್ಟಿಯರಿಂಗ್ ಸತ್ತೋಯ್ತು. ಕಲ್ಲಾಗಿದೆ."

"ಮೆತ್ತಗೆ ಮಾತಾಡೋ," ಎಂದ ಮಾಮಿರ್ ಅಜ್ಜ. "ಒಳಗೆ ನನ್ನ ತಮ್ಮ ಮಲಗಿದಾನೆ."

ಮುಂಚಕ್ರದ ಬಳಿ ಹಿಮದ ಮೇಲೆ ಕೆಂಪು ಎಣ್ಣೆ ಹರಡುತ್ತಿತ್ತು. ಗುಡ್ಡದ ಬುಡದಲ್ಲಿ, ಮೊದಲ ತಿರುವಿಗೆ ಮುನ್ನವೇ ವ್ಯಾನು ನಿಂತುಬಿಟ್ಟಿತ್ತು. ಒಳಗೆ ಕಂಬಳಿಯಲ್ಲಿ ಸುತ್ತಿದ ಅಸಾನ್‌ಕುಲ್‌ನ ದೇಹ. ಪಕ್ಕದಲ್ಲಿ ಮಗ ಎರ್ಕಿನ್, ಕುದುರೆ ಬಿಟ್ಟು ಬೇರೇನನ್ನೂ ಓಡಿಸಲು ಬಾರದವನು. ಮೇಲೆ ಮಣ್ಣಿನ ಗೋರಿಗಳ ನಡುವೆ ಗುಂಡಿ ಕಾದಿತ್ತು.

"ಹೊತ್ಕೊಂಡೇ ಹೋಗೋಣ," ಎಂದ ಯಾರೋ.

"ಈ ಮಂಜುಗಡ್ಡೆ ಮೇಲಾ? ನಮ್ಮಪ್ಪನ್ನ ಹೊತ್ತವರು ಇಲ್ಲೇ ಜಾರಿದ್ರು. ದೇಹ ಹೊಳೆವರೆಗೂ ಉರುಳ್ತು. ಇನ್ಮೇಲೆ ಊರಲ್ಲಿ ಯಾರನ್ನೂ ಉರುಳೋಕೆ ಬಿಡಲ್ಲ ಅಂದಿದ್ದ ಇವನು." ಅಜ್ಜ ವ್ಯಾನಿನ ಬಾಗಿಲನ್ನು ತಡವಿದ. "ಇವತ್ತು ಇವನನ್ನೇ ಉರುಳಿಸ್ತೀರಾ?"

ಅಲ್ಲಿದ್ದ ಪ್ರತಿಯೊಬ್ಬನ ಮನೆಯಿಂದಲೂ ಅಸಾನ್‌ಕುಲ್ ಯಾರಾದರೊಬ್ಬರ ದೇಹವನ್ನು ವ್ಯಾನಿನಲ್ಲಿ ಮೇಲಕ್ಕೆ ಒಯ್ದಿದ್ದ. ತಿಲೆಕ್‌ನ ತಾಯಿಯನ್ನು ಹೆರಿಗೆಗೆಂದು ಕೆಳಗಿನ ಪೇಟೆಗೆ ಒಯ್ದವನೂ ಅವನೇ. ತಿಲೆಕ್ ಹುಟ್ಟಿದ್ದು ಇದೇ ವ್ಯಾನಿನ ಹಿಂದಿನ ಸೀಟಿನಲ್ಲಿ.

ಹೆಂಗಸರು ಅಳುತ್ತ ಬಂದು ಗುಡ್ಡದ ಬುಡದಲ್ಲೇ ನಿಲ್ಲುವುದು ವಾಡಿಕೆ. ಆ ಗುಂಪಿನಿಂದ ಎರ್ಕಿನ್‌ನ ಹೆಂಡತಿ ಜಿಬೇಕ್ ಮುಂದೆ ಬಂದು, ಬಗ್ಗಿ ಎಣ್ಣೆ ಮುಟ್ಟಿ ನೋಡಿದಳು.

"ಸತ್ತಿಲ್ಲ," ಎಂದಳು. "ಪೈಪು ಒಡೆದಿದೆ, ಅಷ್ಟೇ."

*

ಮದುವೆಯಾಗಿ ಬಂದ ಎರಡನೆಯ ಬೇಸಿಗೆಯಲ್ಲಿ ಮಾವ ಅವಳನ್ನು ಹುಲ್ಲುಗಾವಲಿನ ಇಳಿಜಾರಿಗೆ ಕರೆದೊಯ್ದು ಚಾಲಕನ ಸೀಟಿನಲ್ಲಿ ಕೂರಿಸಿದ್ದ. ಕುರಿ ಕಾಯುತ್ತಿದ್ದವನೊಬ್ಬ ಕೂಗಿದ: "ಸೊಸೆಗೆ ವ್ಯಾನು ಕೊಟ್ಯಲ್ಲ, ಟೋಪಿನೂ ಕೊಟ್ಬಿಡು!"

ಆ ಸೀಮೆಯಲ್ಲಿ ಗಂಡಸು ತನ್ನ ಬಿಳಿ ಉಣ್ಣೆಟೋಪಿಯನ್ನು ಯಾರಿಗೂ ಕೊಡುವುದಿಲ್ಲ. ಅಸಾನ್‌ಕುಲ್ ತೆಗೆದು ಅವಳ ತಲೆಗಿಟ್ಟ. "ಕೊಟ್ಟೆ ಕಣಯ್ಯಾ! ಷರ್ಟೂ ಬೇಕಾ?"

ಆಮೇಲೆ ಅವಳ ಕಡೆ ತಿರುಗಿದ. "ಎಂಜಿನ್ ಓಡ್ತಿರೋವಾಗ ಪಂಪು ಎಣ್ಣೆ ಒತ್ತುತ್ತೆ. ನೀನು ಚೂರು ತಿರುಗಿಸಿದ್ರೆ ಒಳಗೊಂದು ಸಣ್ಣ ಸರಳು ನುಲಿದು, ಎಣ್ಣೆಗೆ ದಾರಿ ಬಿಡುತ್ತೆ. ನೀನು ಯಾವ ಕಡೆ ಅಂದ್ಯೋ ಆ ಕಡೆಗೇ ಅದೂ ತಳ್ಳುತ್ತೆ. ನೀನು ಸುಮ್ಮನಿದ್ರೆ ಅದೂ ಸುಮ್ಮನೆ."

ಎಂದವನೇ ಇಳಿಜಾರಿನಲ್ಲಿ ಎಂಜಿನ್ ಆರಿಸಿಬಿಟ್ಟ.

"ಅತಾ! ಸಿಕ್ಕಾಕೊಂಡಿದೆ!" ಗಂಡನ ಹಾಗೆ ಅವಳೂ ಮಾವನನ್ನು ಅಪ್ಪ ಎಂದೇ ಕೂಗಿದಳು.

"ಇಲ್ಲ ಮಗಳೇ. ನಿನ್ನ ಕೈಯಿಂದ ಗಾಲಿವರೆಗೂ ಕಬ್ಬಿಣ ಹಾಗೇ ಇದೆ. ಜೊತೆಗೆ ತಳ್ಳೋರು ಹೋದ್ರು, ಅಷ್ಟೇ. ನಿಂತಲ್ಲಿ ತಿರುಗಿಸ್ಬೇಡ. ಗಾಲಿ ಉರುಳ್ತಿರಲಿ, ಎಳಿ!"

ಅವನು ತನ್ನೆರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದ. ಕೊನೆಯವರೆಗೂ ಹೊರತೆಗೆಯಲಿಲ್ಲ.

*

"ನಾನು ಓಡಿಸ್ತೀನಿ," ಎಂದಳು ಜಿಬೇಕ್.

"ಹೆಂಗಸರು ಗುಡ್ಡ ಹತ್ತೋ ಹಾಗಿಲ್ಲ," ಎಂದ ತಿಲೆಕ್.

ಮಾಮಿರ್ ಅಜ್ಜ ದಾರಿಯನ್ನು ನೋಡಿದ, ಕಂಬಳಿಯನ್ನು ನೋಡಿದ. "ಅವಳೆಲ್ಲಿ ಹತ್ತುತ್ತಾಳೋ? ಹತ್ತೋದು ವ್ಯಾನು. ಅವಳು ಕೂತಿರ್ತಾಳೆ." ಯಾರೋ ನಕ್ಕು, ಕೆಮ್ಮಿ ಮುಚ್ಚಿಕೊಂಡರು. "ಆದ್ರೆ ಸೊಸೆ, ಮೇಲೆ ಇಳೀಬೇಡ."

"ಇಳಿಯಲ್ಲ ಅಜ್ಜ."

ವ್ಯಾನು ತೆವಳತೊಡಗಿದ ಮೇಲೆಯೇ ಅವಳು ಸ್ಟಿಯರಿಂಗ್ ಎಳೆದಳು. ಭುಜ, ಬೆನ್ನು, ನೆಲಕ್ಕೆ ಒತ್ತಿದ ಕಾಲು ಎಲ್ಲವೂ ಸೇರಿ ಎಳೆದವು. ಗಾಲಿಗಳು ನಿಧಾನವಾಗಿ ಹೊರಳಿದವು. ಎರಡನೆಯ ತಿರುವಿನಲ್ಲಿ ಹಿಂದಿನ ಗಾಲಿ ಕಣಿವೆಯ ಕಡೆಗೆ ಜಾರಿತು. ಎರ್ಕಿನ್ ಹಿಂದಿನಿಂದ ಕೈಚಾಚಿದ: "ನಾನೂ ಎಳೀಲಾ?"

"ನೀನು ಅತಾನ ಹಿಡ್ಕೋ!"

ಗಾಲಿ ಮಣ್ಣು ಕಚ್ಚಿತು. ಹಿಂದೆ ಸಾಲಾಗಿ ನಡೆದುಬರುತ್ತಿದ್ದ ಗಂಡಸರು, ಹೇಳಿಸಿಕೊಳ್ಳದೆಯೇ, ವ್ಯಾನಿಗೆ ಹೆಗಲು ಕೊಟ್ಟರು.

ಮೇಲೆ ಅವಳು ಇಳಿಯಲಿಲ್ಲ. ಗಾಜಿನಾಚೆ ಒಬ್ಬೊಬ್ಬರಾಗಿ ಗುಂಡಿಗೆ ಹಿಡಿ ಮಣ್ಣು ಹಾಕಿ ಸರಿದರು. ಕೊನೆಗೆ ಮಾಮಿರ್ ಅಜ್ಜ ಸಲಿಕೆಯ ತುದಿಯಲ್ಲಿ ಮಣ್ಣು ಹೊತ್ತು ಕಿಟಕಿಯ ಬಳಿ ಬಂದ.

"ಎಲ್ಲರದೂ ಆಯ್ತು. ನಿನ್ನ ಕೈ ಬಾಕಿ. ಮುಟ್ಟಿಕೊಡು, ನಾನು ಹಾಕ್ತೀನಿ."

"ಕೈ ಬಿಡ್ತಿಲ್ಲ ಅಜ್ಜ," ಎಂದಳು ಜಿಬೇಕ್. ಬೆರಳುಗಳು ಸೆಟೆದು ಸ್ಟಿಯರಿಂಗಿಗೆ ಅಂಟಿದ್ದವು.

ಈವರೆಗೆ ಮನೆಯ ಸೊಸೆಯಂದಿರ ಕೈಯಿಂದ ಚಹದ ಬಟ್ಟಲನ್ನೂ ನೇರ ತೆಗೆದುಕೊಳ್ಳದ ಮುದುಕ, ಸಲಿಕೆಯನ್ನು ಬಾಗಿಲಿಗೆ ಒರಗಿಸಿ, ಕಿಟಕಿಯೊಳಗೆ ಕೈಹಾಕಿ, ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ.