ಬದಲಿ ರಕ್ತ

ಮಾರ್ಚ್ ಒಂಬತ್ತು, ಸೋಮವಾರ, ಬೆಳಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ನಾನು ತಂಗಿಯ ಎಡಗೈಯಿಂದ ಮೂರು ಮಿಲಿಲೀಟರ್ ರಕ್ತ ತೆಗೆದು, ಆ ನಳಿಕೆಯ ಮೇಲೆ ಅವಳ ಗಂಡನ ಹೆಸರು ಅಂಟಿಸಿದೆ.

ಭಾವ ಹಳೆಯ ಬ್ಯಾಟರಿಗಳ ಸೀಸ ಕರಗಿಸುವ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಲ್ಲುವವನು. ಆರು ತಿಂಗಳಿಗೊಮ್ಮೆ ಅಲ್ಲಿಯವರ ರಕ್ತ ತೆಗೆಯುವವನೂ ಅಳೆಯುವವನೂ ನಾನೇ. ಡೆಸಿಲೀಟರಿಗೆ ಮೂವತ್ತು ಮೈಕ್ರೋಗ್ರಾಂ ಸೀಸ ದಾಟಿದರೆ ಎಚ್ಚರಿಕೆ. ಮರುಸಲವೂ ದಾಟಿದರೆ ಕೆಲಸದಿಂದ ಹೊರಗೆ. ಕಳೆದ ಸಲ ಭಾವನದು ನಲವತ್ತನಾಲ್ಕು.

ಉಪಾಯ ಅವನದೇ. “ಇವಳು ಕಾರ್ಖಾನೆ ಗೇಟು ಸಹ ನೋಡಿದವಳಲ್ಲ. ಏನು ಡಾಕ್ಟ್ರೇ, ಒಂದು ಚೀಟಿ ಅಂಟಿಸೋಕೆ ಇಷ್ಟು ಯೋಚನೆನಾ?”

ನಾನು ಡಾಕ್ಟರಲ್ಲ, ಪ್ರಯೋಗಾಲಯದ ತಂತ್ರಜ್ಞ. ಅವನು ಹಾಗೆ ಕರೆದನೆಂದರೆ ಏನೋ ಕೆಲಸ ಆಗಬೇಕಿದೆ ಎಂದರ್ಥ. ಐದು ತಿಂಗಳ ಬಸುರಿ ತಂಗಿ ತೋಳು ಮಡಚಿಕೊಳ್ಳುತ್ತ, “ಇಂಥ ಹೊತ್ತಲ್ಲಿ ಇವರು ಮನೇಲಿ ಕೂತರೆ ಹೇಗೆ ಅಣ್ಣ?” ಎಂದಿದ್ದಳು. ಅಷ್ಟು ಸಾಕಾಯಿತು.

ಮಧ್ಯಾಹ್ನ ಯಂತ್ರ ನಲವತ್ತೊಂದು ತೋರಿಸಿತು.

ಚರ್ಮದ ಮೇಲಿನ ಧೂಳು ಸೂಜಿಗೆ ತಾಗಿರಬೇಕು ಅಂದುಕೊಂಡೆ. ಆದರೆ ಎರಡು ಸಲ ಒರೆಸಿದ್ದೆ. ಪ್ರಮಾಣ ಗೊತ್ತಿರುವ ಮಾದರಿಯೊಂದನ್ನು ಹಾಕಿ ಯಂತ್ರವನ್ನು ಪರೀಕ್ಷಿಸಿದೆ. ಸರಿಯಾಗಿತ್ತು. ಮತ್ತೆ ಅಳೆದೆ: ನಲವತ್ತೊಂದು.

ಸಂಜೆ ಅವರ ಮನೆಗೆ ಹೋದಾಗ ತಂಗಿ ಹಿತ್ತಲಲ್ಲಿ ಭಾವನ ಕೆಲಸದ ಅಂಗಿಯನ್ನು ಗೋಡೆಗೆ ಬಡಿದು ಕೊಡವುತ್ತಿದ್ದಳು. ಹಿಟ್ಟಿನಷ್ಟು ನುಣುಪಾದ ಬೂದು ಧೂಳು ಅವಳ ಮುಖದ ಸುತ್ತ ನಿಂತಿತ್ತು.

“ಇದೇನೇ ಮಾಡ್ತಿದ್ದೀಯ?”

“ಕೊಡವದೆ ನೆನೆಹಾಕಿದರೆ ನೀರೆಲ್ಲ ಕಪ್ಪಾಗುತ್ತೆ ಅಣ್ಣ.”

“ಕಾರ್ಖಾನೇಲೇ ಒಗೆಯೋದಿಲ್ವಾ?”

ಭಾವ ಒಳಗಿನಿಂದ ಕೂಗಿದ: “ಅಲ್ಲಿ ಒಗೆಸಿದರೆ ನನಗೆ ಯಾರದ್ದೋ ಅಂಗಿ ಬರುತ್ತೆ. ಇವಳು ಒಗೆದದ್ದು ನೋಡಿ ಇಡೀ ಕುಲುಮೆಯೋರು ಹೊಟ್ಟೆ ಉರ್ಕೋತಾರೆ! ಅದಿರಲಿ, ಪಾಸಾದೆನಾ?”

“ನಲವತ್ತೊಂದು.”

“ಅಯ್ಯೋ ಪುಣ್ಯಾತ್ಮ! ನನ್ನ ರಕ್ತಾನೇ ಅಳೆದೆಯಾ?”

“ನಿನ್ನ ರಕ್ತ ನಾನು ತೆಗೆದೇ ಇಲ್ಲ.”

ಅವನು ನಗುತ್ತಲೇ ಬಾಗಿಲಿಗೆ ಬಂದ. ನನ್ನ ಮುಖ ನೋಡಿ ನಗು ನಿಂತಿತು. ತಂಗಿಗೆ ಅವನಿಗಿಂತ ಮೊದಲೇ ಅರ್ಥವಾಗಿತ್ತು. ಅಂಗಿಯನ್ನು ನೆಲದ ಮೇಲಿಟ್ಟು, ಮೊಣಕೈವರೆಗೆ ಸೋಪು ಹಚ್ಚಿ ತುಂಬ ಹೊತ್ತು ಕೈ ತೊಳೆದಳು. ಆಮೇಲೆ ಹೊಟ್ಟೆಯ ಮೇಲೆ ಕೈಯಿಡಲು ಹೋಗಿ, ಇಡದೆ ಕೇಳಿದಳು: “ಇದಕ್ಕೂ ಹೋಗುತ್ತಾ?”

“ಹೋಗುತ್ತೆ.”

ಮಾರನೆಯ ದಿನ ಭಾವ ತಾನಾಗಿಯೇ ತೋಳು ಚಾಚಿದ. ಐವತ್ತೆರಡು. ಕೆಲಸ ಹೋಯಿತು. ಹಿತ್ತಲಿನ ಗೋಡೆ, ಹಾಸಿಗೆ, ಅಡುಗೆಮನೆಯ ಕಪಾಟು, ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದ. ತಂಗಿಯನ್ನು ಆಸ್ಪತ್ರೆಗೆ ಕರೆದೊಯ್ದೆವು. ಸುಣ್ಣದಂಶದ ಮಾತ್ರೆ ಕೊಟ್ಟರು. ವರ್ಷಗಟ್ಟಲೆ ಎಲುಬಿನಲ್ಲಿ ಕೂತ ಸೀಸ ಬಸಿರಿನಲ್ಲಿ ಎಲುಬು ಕರಗಿದಂತೆ ಮತ್ತೆ ರಕ್ತಕ್ಕೆ ಬರುತ್ತದೆ. ಇದನ್ನು ನಾನು ಕಾಲೇಜಿನಲ್ಲಿ ಓದಿದ್ದೆ. ತಂಗಿಗೆ ಹೇಳಲಿಲ್ಲ. ತಿಂಗಳಿಗೊಮ್ಮೆ ಅವಳ ರಕ್ತ ಅಳೆದು “ಇಳೀತಿದೆ” ಎನ್ನುತ್ತಿದ್ದೆ. ಇಳಿಯುತ್ತಿತ್ತು, ಒಂದೊಂದೇ ಅಂಕಿ.

ಜುಲೈ ಹನ್ನೊಂದರಂದು ಹೆಣ್ಣುಮಗು ಹುಟ್ಟಿತು. ಅತ್ತಿತು, ಹಾಲು ಕುಡಿಯಿತು. ತೂಕ ಎರಡು ಕಿಲೋ ಇನ್ನೂರು ಗ್ರಾಂ. ಹೊಕ್ಕುಳಬಳ್ಳಿಯ ರಕ್ತವನ್ನು ನಾನೇ ಅಳೆದೆ, ಮೂರು ಸಲ. ಡೆಸಿಲೀಟರಿಗೆ ಮೂವತ್ತೊಂದು ಮೈಕ್ರೋಗ್ರಾಂ.