ಅರ್ಧ ಸುತ್ತು

"ಈ ಬಲ್ಬು ಯಾಕೆ ಹೀಗೆ ಕೆಂಪಗೆ ಮುನಿಸಿಕೊಂಡಿದೆ?"

ವಿಮಲಮ್ಮ ಯಾರನ್ನೂ ನೋಡದೆ ಕೇಳಿದ್ದು. ಮಧ್ಯಾಹ್ನ ಕರೆಂಟು ಹೋಗಿತ್ತು. ಹಿತ್ತಲಲ್ಲಿ ಜನರೇಟರು ಓಡುತ್ತಿದ್ದರೂ ನಡುಮನೆಯ ಬಲ್ಬು ಆರುವ ಕೆಂಡದಂತಿತ್ತು. ಅದರ ಕೆಳಗೆ ಮಂಚದ ಮೇಲೆ ಅವರ ಪತಿ ನರಹರಿ ಮೇಷ್ಟ್ರು, ಮೂಗಿನಲ್ಲಿ ಆಮ್ಲಜನಕದ ನಳಿಕೆ. ಪಕ್ಕದಲ್ಲಿ ಆಮ್ಲಜನಕ ಕೊಡುವ ಯಂತ್ರ ವೋಲ್ಟೇಜು ಸಾಲದೆ ಕೂಗುತ್ತಿತ್ತು. ಒಂದು ವಾರದಿಂದ ಜನರೇಟರು ಹಾಕಿದಾಗಲೆಲ್ಲ ಇದೇ ಪಾಡಂತೆ.

ಚಿಕ್ಕಂದಿನಲ್ಲಿ ಆ ನಡುಮನೆಯ ಕಂಬಕ್ಕೊರಗಿ ನಾನು ವಿಮಲಮ್ಮನ ಕಾವ್ಯವಾಚನ ಕೇಳಿದವನು. ನನ್ನ ದೇವರುಗಳೆಲ್ಲ ಆ ಕಂಠದಿಂದಲೇ ಬಂದವರು. ಆಮೇಲೆ ಮೋಟಾರು ರಿಪೇರಿ ಕಲಿತೆ. ಆ ದಿನ ಅವರು ಹೇಳಿಕಳುಹಿಸಿದ್ದೇ ವೋಲ್ಟೇಜು ಅಳೆಯುವ ಮೀಟರು ಹಿಡಿದು ಓಡಿದ್ದೆ.

ಮೇಷ್ಟ್ರ ನಳಿಕೆಯನ್ನು ಸಣ್ಣ ಸಿಲಿಂಡರಿಗೆ ಜೋಡಿಸಿದೆವು. ಅದರಲ್ಲಿ ಇನ್ನೊಂದು ಗಂಟೆಯ ಗಾಳಿ ಮಾತ್ರ ಇತ್ತು.

ಮೀಟರು ನೂರ ಅರವತ್ತು ತೋರಿಸಿತು. ಬೇಕಾದದ್ದು ಇನ್ನೂರ ಮೂವತ್ತು. ಫ್ರಿಜ್ಜು, ಫ್ಯಾನು ಎಲ್ಲ ಆರಿಸಿ ನೋಡಿದೆ. ಜನರೇಟರಿನ ತಂತಿಗಳನ್ನು ಬಿಗಿದೆ, ಕೆಪಾಸಿಟರು ಬದಲಿಸಿದೆ. ಮುಳ್ಳು ಅಲುಗಲಿಲ್ಲ. ಕೈಸೋತು ಹಿತ್ತಲ ಕಲ್ಲಿನ ಮೇಲೆ ಕೂತಾಗ ಎಂಜಿನ್ನಿನ ಮೊರೆತ ಕಿವಿಗೆ ಬಿತ್ತು. ಕಣ್ಣು ಮುಚ್ಚಿದೆ. ಪರಿಚಯದ ದನಿ. ಅದು ವಿಮಲಮ್ಮ ಹಾಡುವ ಶ್ರುತಿ.

ಬಾಗಿ ನೋಡಿದರೆ, ಎಂಜಿನ್ನಿನ ವೇಗ ಹೊಂದಿಸುವ ಸ್ಕ್ರೂ ಮೇಲೆ ಕಂಪನಿಯವರು ಹಚ್ಚಿದ್ದ ಬಣ್ಣ ಎದ್ದಿತ್ತು.

"ಅಮ್ಮ, ಇದನ್ನ ಯಾರು ತಿರುಗಿಸಿದ್ದು?"

"ನಾನೇ ಕಣಪ್ಪ. ಓದೋ ಹೊತ್ತಿಗೇ ಕರೆಂಟು ಹೋಗುತ್ತೆ, ಇದರ ಸದ್ದು ಮನೆಯೆಲ್ಲ ತುಂಬುತ್ತೆ. ಅಷ್ಟು ಮೇಲಕ್ಕೆ ನನ್ನ ಗಂಟಲು ಈಗ ಏರಲ್ಲ. ಹೋದ ವಾರ ಅರ್ಧ ಸುತ್ತು ಇಳಿಸಿದೆ. ತಂಬೂರಿ ಹಾಗೆ ಕೂತಿತು."

"ಹೇಳಿಕೊಟ್ಟವನು ನಾನು," ಎಂದರು ಒಳಗಿನಿಂದ ಮೇಷ್ಟ್ರು. "ತಂಬೂರಿ ಕೊಡಿಸೋ ಯೋಗ್ಯತೆ ಇರಲಿಲ್ಲ. ಜನರೇಟರಾದರೂ ಶ್ರುತಿ ಮಾಡಿಸಿದೆ."

"ವೇಗ ಇಳಿದರೆ ವೋಲ್ಟೇಜೂ ಇಳಿಯುತ್ತಮ್ಮ. ಯಂತ್ರ ಕೂಗ್ತಿದ್ದದ್ದು ಅದಕ್ಕೇ."

ವಿಮಲಮ್ಮ ಸ್ಕ್ರೂ ತಿರುಗಿಸಿದ್ದ ತಮ್ಮ ಬಲಗೈಯನ್ನು ಬಹಳ ಹೊತ್ತು ನೋಡಿಕೊಂಡರು.

ಅರ್ಧ ಸುತ್ತು ಏರಿಸಿದೆ. ಬಲ್ಬು ಬೆಳ್ಳಗೆ ಹತ್ತಿತು. ಸಿಲಿಂಡರು ಮುಗಿಯುವ ಹೊತ್ತಿಗೆ ಒಳಗೆ ಹೋಗಿ ನಳಿಕೆಯನ್ನು ಮತ್ತೆ ಯಂತ್ರಕ್ಕೆ ಸಿಕ್ಕಿಸಿದೆ, ಅದು ಕೂಗಲಿಲ್ಲ. ಮೇಷ್ಟ್ರ ತುಟಿಯ ನೀಲಿ ಮೆಲ್ಲಗೆ ತಿಳಿಯಾಯಿತು. ವಿಮಲಮ್ಮ ಪುಸ್ತಕ ಬಿಚ್ಚಿ ಅಂದಿನ ಪದ್ಯ ಎತ್ತಿಕೊಂಡರು. ಜನರೇಟರಿನ ಏರಿದ ಶ್ರುತಿಗೆ ಎರಡನೆಯ ಸಾಲಿನಲ್ಲೇ ಕಂಠ ಒಡೆಯಿತು.

ಮೇಷ್ಟ್ರು ನನ್ನ ಕೈ ಹಿಡಿದರು. "ಎರಡೇ ಪದ್ಯದ ಮಟ್ಟಿಗೆ ಇಳಿಸಪ್ಪ. ಅವಳ ದನಿ ಅವಳ ಜಾಗದಲ್ಲಿ ಕೇಳಬೇಕು. ಅಷ್ಟು ಹೊತ್ತು ತಡಕೋತೀನಿ."

ವಿಮಲಮ್ಮ ಎದ್ದು ಬಂದು ನನ್ನ ಸ್ಕ್ರೂಡ್ರೈವರು ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು. ಬಲ್ಬಿನ ಬೆಳಕಿಗೆ ಪುಸ್ತಕ ಹಿಡಿದು, ಒಡೆದ ಸಾಲಿನ ಮೇಲೆ ಬೆರಳಿಟ್ಟರು.

"ಇಳಿಸೋದಿಲ್ಲ," ಎಂದರು. "ಒಡೆದದ್ದನ್ನೇ ಕೇಳಿ."