ಸಾವಿರದ ಒಂಬತ್ತರ ಶೇಷ

ಅಚ್ಚುಮನೆಯಲ್ಲಿ ನಮ್ಮಿಬ್ಬರದು ಕರಡು ತಿದ್ದುವ ಕೆಲಸ. ಅಕ್ಕ ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದುತ್ತಾಳೆ, ನಾನು ಕರಡಿನ ಮೇಲೆ ಕಣ್ಣಿಟ್ಟಿದ್ದು ಕೊನೆಗೆ ಸಹಿ ಹಾಕುತ್ತೇನೆ. ಹನ್ನೊಂದು ವರ್ಷದಲ್ಲಿ ನಮ್ಮ ಮೇಜಿನಿಂದ ಒಂದು ಅಂಕಿಯೂ ತಪ್ಪಿ ಹೋಗಿಲ್ಲ ಅಂತ ಊರೆಲ್ಲಾ ಜಂಬ ಕೊಚ್ಚಿಕೊಂಡವಳೂ ನಾನೇ.

ನಮ್ಮಲ್ಲೇ ಅಚ್ಚಾಗುವ ಗಣಿತದ ಮಾಸಪತ್ರಿಕೆ ಒಂದು ಸವಾಲು ಹಾಕಿತು. 10,22,117 ಅವಿಭಾಜ್ಯವೋ ಅಲ್ಲವೋ, ಕೈಲೆಕ್ಕದಲ್ಲೇ ತೋರಿಸಬೇಕು. ಗೆದ್ದವರಿಗೆ ಕಾಲೇಜಿನ ಸಂಜೆ ತರಗತಿಯಲ್ಲಿ ಒಂದು ಸೀಟು. ಓದು ಅರ್ಧಕ್ಕೇ ನಿಂತ ನಮ್ಮಿಬ್ಬರಿಗೂ ಅದರ ಮೇಲೆ ಪ್ರಾಣ. “ಇಬ್ಬರ ಹೆಸರೂ ಹಾಕೋಣ. ಯಾರಿಗೆ ಸಿಗುತ್ತೋ ಅವಳು ಕಲಿತು ಇನ್ನೊಬ್ಬಳಿಗೆ ಹೇಳಿಕೊಡೋದು,” ಅಂದಳು ಅಕ್ಕ.

ಆ ಸಂಖ್ಯೆಯ ವರ್ಗಮೂಲ ಸಾವಿರದ ಹನ್ನೊಂದಕ್ಕೆ ಕೂದಲೆಳೆಯಷ್ಟು ಕಡಿಮೆ. ಅಲ್ಲಿಯವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು, ಒಟ್ಟು ನೂರ ಅರವತ್ತೊಂಬತ್ತು. ಊಟದ ಬಿಡುವಿನಲ್ಲಿ ಅಕ್ಕ ಭಾಗಿಸುವಳು. ನಾನು ತಿರುಗಿ ಗುಣಿಸಿ, ಶೇಷ ಕೂಡಿಸಿ, ತಾಳೆಯಾದರೆ ಸಹಿ ಹಾಕುವೆ. ನೂರ ಅರವತ್ತೆಂಟು ಸಲ ಹಾಗೇ ಮಾಡಿದೆ. ಪ್ರತಿ ಸಲವೂ ಏನಾದರೂ ಶೇಷ ಉಳಿಯುತ್ತಿತ್ತು.

ಕೊನೆಯ ದಿನ ನನಗೆ ಹಲ್ಲುನೋವು. “ಸಾವಿರದ ಒಂಬತ್ತರಿಂದ ಭಾಗಿಸಿದೆ. ಭಾಗಲಬ್ಧ ಸಾವಿರದ ಹದಿಮೂರು, ಶೇಷ ಎಂಟು. ಅವಿಭಾಜ್ಯವೇ ಕಣೆ,” ಅಂದಳು. ಕೆನ್ನೆ ಹಿಡಿದುಕೊಂಡೇ ಸಹಿ ಹಾಕಿದೆ. ಟಪಾಲಿಗೆ ತಾನೇ ಹಾಕಿ ಬರುತ್ತೇನೆ ಅಂದಳು. ಪೆದ್ದಿ ನಾನು, ನನ್ನ ಕೊಡೆಯನ್ನೂ ಕೊಟ್ಟು ಕಳಿಸಿದೆ.

ಮುಂದಿನ ಸಂಚಿಕೆಯ ಕರಡು ನಮ್ಮ ಮೇಜಿಗೇ ಬಂತು. ಅಕ್ಕ ಓದಿದಳು: “ಉತ್ತರ, ಅವಿಭಾಜ್ಯವಲ್ಲ. ಒಂದು ಸೊನ್ನೆ ಸೊನ್ನೆ ಒಂಬತ್ತು, ಗುಣಿಸು, ಒಂದು ಸೊನ್ನೆ ಒಂದು ಮೂರು.” ದನಿ ಒಂಚೂರೂ ನಡುಗಲಿಲ್ಲ. ಕೆಳಗೆ ಗೆದ್ದವರ ಹೆಸರು, ಅವಳದೊಂದೇ.

ನಾನು ಕರಡಿನಿಂದ ಕಣ್ಣೆತ್ತಿದೆ. “ಶೇಷ ಎಂಟು ಅಂದೆಯಲ್ಲ?”

“ಒಂದೇ ಸೀಟು ಕಣೆ. ಇಬ್ಬರ ಹೆಸರಿದ್ರೆ ಚಿಕ್ಕವಳು ಅಂತ ನಿನಗೇ ಕೊಡ್ತಿದ್ರು. ಸರಿಯುತ್ತರ ನನ್ನೊಬ್ಬಳ ಹೆಸರಲ್ಲಿ ಬೇರೆ ಬರೆದು ಹಾಕಿದೆ.”

“ನಾನು ಗುಣಿಸಿ ನೋಡಿದ್ರೆ ನೀನು ಸಿಕ್ಕಿಬೀಳ್ತಿದ್ದೆ.”

“ನೋಡಲ್ಲ ಅಂತ ಗೊತ್ತಿತ್ತು. ಹಲ್ಲುನೋವು ಅಂತಲ್ಲ. ಹೇಳಿದ್ದು ನಾನು ಅಂತ.”

ಮೈ ಉರಿಸಿದ್ದು ಆ ಮಾತೇ. ಪೂರ್ತಿ ಗುಣಿಸುವುದೂ ಬೇಕಿರಲಿಲ್ಲ, ಕೊನೆಯ ಅಂಕಿ ನೋಡಿದ್ದರೆ ಸಾಕಿತ್ತು. ಒಂಬತ್ತು ಮೂರಲಿ ಇಪ್ಪತ್ತೇಳು, ಎಂಟು ಸೇರಿ ಮೂವತ್ತೈದು. ನಮ್ಮ ಸಂಖ್ಯೆ ಮುಗಿಯುವುದು ಏಳಕ್ಕೆ, ಐದಕ್ಕಲ್ಲ. ಮಗ್ಗಿ ಕಲಿಯುವ ಮಗು ಹಿಡಿಯುವಂಥ ಸುಳ್ಳು ನನ್ನ ಹತ್ತಿರ ನಡೆದುಹೋಯಿತು.

ಫೋರ್‌ಮನ್ ಬಂದು ಕರಡು ಕೇಳಿದ. ತಡಿ ಅಂದೆ. ಅಕ್ಕನ ಕಣ್ಣೆದುರೇ, ಅಂಚಿನಲ್ಲಿ 1009ನ್ನು 1013ರಿಂದ ಗುಣಿಸಿದೆ. ಸರಿಯಿತ್ತು. ಅವಳ ಹೆಸರಿನ ಅಕ್ಷರಗಳನ್ನೂ ಒಂದೊಂದಾಗಿ ಬೆರಳಿಟ್ಟು ನೋಡಿದೆ. ಅದೂ ಸರಿಯಿತ್ತು. ಸಹಿ ಹಾಕಿ ಕೊಟ್ಟೆ.

“ಮುಂದಿನ ಹಾಳೆ ಓದು,” ಅಂದೆ. “ಮೂಲ ನನಗೂ ಕಾಣೋ ಹಾಗೆ ಹಿಡ್ಕೊ.”